ಟ್ಯೂನ್ ಮಾಡಿಸಿದ ಟರ್ಬೊ ಕಾರಿನಲ್ಲಿ ಓವರ್‌ಬೂಸ್ಟ್: ತಪ್ಪು ಕಬ್ಬಿಣದ್ದಾ, ಮ್ಯಾಪಿನದ್ದಾ?

ಚೆಕ್ ಎಂಜಿನ್ ಲೈಟ್ ಹತ್ತಿದೆ. ಸ್ಕ್ಯಾನರ್ ಹಾಕಿದರೆ ಪಿ0234 ಅಂತ ಬರುತ್ತಿದೆ. ಗ್ಯಾರೇಜಿನಲ್ಲಿ ಕೇಳಿದರೆ ಮೊದಲ ಮಾತೇ "ಟರ್ಬೊ ಹೋಗಿದೆ ಸಾರ್". ಸ್ವಲ್ಪ ತಡೆಯಿರಿ. ಆ ಕೋಡ್ ಯಾವ ಭಾಗ ಕೆಟ್ಟಿದೆ ಅಂತ ಹೇಳುವುದೇ ಇಲ್ಲ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಇಷ್ಟು ಬೂಸ್ಟ್ (ಟರ್ಬೊ ಎಂಜಿನ್ ಒಳಕ್ಕೆ ತಳ್ಳುವ ಗಾಳಿಯ ಒತ್ತಡ) ಬೇಕು ಅಂತ ಕೇಳಿತ್ತು. ಅದಕ್ಕಿಂತ ಜಾಸ್ತಿ ಬಂತು. ಬಂದದ್ದು ಹೊತ್ತಿಗೆ ಸರಿಯಾಗಿ ಇಳಿಯಲಿಲ್ಲ. ಕೋಡಿನ ಅರ್ಥ ಇಷ್ಟೇ.

ಇಸಿಯು ಒಳಗಿನ ಸಾಫ್ಟ್‌ವೇರ್ ಲೆಕ್ಕಕ್ಕೆ ಮ್ಯಾಪ್ ಅನ್ನುತ್ತಾರೆ. ಕಂಪನಿ ಮ್ಯಾಪ್ ಇರುವ ಕಾರಾದರೆ 'ಕೇಳಿದ್ದು' ಸರಿ ಇದೆ ಅಂದುಕೊಂಡು ಮುಂದೆ ಹೋಗಬಹುದು. ಟ್ಯೂನ್ ಆದ ಕಾರಿನಲ್ಲಿ ಆ ಲೆಕ್ಕವನ್ನೇ ಯಾರೋ ಬದಲಿಸಿದ್ದಾರೆ ಅಲ್ವಾ? ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಕೇಳಿದ್ದು ತಪ್ಪಾ (ಮ್ಯಾಪ್), ಕೊಟ್ಟಿದ್ದು ತಪ್ಪಾ (ಕಬ್ಬಿಣ, ಅಂದರೆ ಟರ್ಬೊ, ವಾಲ್ವ್, ಹೋಸ್)?

ಇಲ್ಲಿ ಮುಖ್ಯವಾಗಿ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಟಿಡಿಐ (ಡೀಸೆಲ್), ಟಿಎಸ್ಐ (ಪೆಟ್ರೋಲ್) ಎಂಜಿನ್‌ಗಳನ್ನೂ ಫಿಯಟ್ 1.3 ಮಲ್ಟಿಜೆಟ್ ಡೀಸೆಲನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮಲ್ಲಿ ಜಾಸ್ತಿ ರೀಮ್ಯಾಪ್ ಆಗುವುದು ಇಂಥವೇ.

ಏನನ್ನೂ ಬಿಚ್ಚುವ ಮೊದಲು

ಕೋಡ್ ಅಳಿಸಬೇಡಿ. ಜನ ಮೊದಲು ಮಾಡುವ ಕೆಲಸವೇ ಅದು. ಕೋಡ್ ಜೊತೆಗೆ ಇಸಿಯು ಒಂದು ಫ್ರೀಝ್ ಫ್ರೇಮ್ ಇಟ್ಟುಕೊಂಡಿರುತ್ತದೆ. ಕೋಡ್ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅಳಿಸಿದರೆ ಅದೂ ಹೋಯಿತು. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾರಿನ ಒಬಿಡಿ (ಡಯಾಗ್ನಾಸ್ಟಿಕ್) ಸಾಕೆಟ್‌ಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಡಾಂಗಲ್ ಕೋಡ್ ಓದುವುದಕ್ಕೆ ಸಾಕು. ಬೂಸ್ಟ್ ಅಳೆಯುವುದಕ್ಕೆ ಸಾಲದು. ಮಾಮೂಲಿ ಒಬಿಡಿ ಲೆಕ್ಕದಲ್ಲಿ ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ ಒಳಕ್ಕೆ ಹೋಗುವ ಗಾಳಿಯ ಒತ್ತಡ) ಒಂದೇ ಬೈಟ್‌ನಲ್ಲಿ ಬರುತ್ತದೆ. ಅದರ ಗರಿಷ್ಠ 255 ಕಿಲೋಪ್ಯಾಸ್ಕಲ್. ಅಂದರೆ ಹೊರಗಿನ ಗಾಳಿಯ ಒತ್ತಡವೂ ಸೇರಿ 2.55 ಬಾರ್. ಜೋರಾಗಿ ಟ್ಯೂನ್ ಆದ ಡೀಸೆಲ್ ಅದನ್ನು ದಾಟಿ ಹೋಗಬಹುದು. ಆಪ್ ಮಾತ್ರ 255ಕ್ಕೆ ಅಂಟಿಕೊಂಡು ಕೂತಿರುತ್ತದೆ. ಗ್ರಾಫ್ ಮೇಲ್ಗಡೆ ಕತ್ತರಿಸಿದ ಹಾಗೆ ಚಪ್ಪಟೆಯಾಗಿ ಕಂಡರೆ "ಬೂಸ್ಟ್ ಎಷ್ಟು ಸ್ಟೆಡಿ ಇದೆ ನೋಡಿ" ಅಂತ ಖುಷಿಪಡಬೇಡಿ. ಅಳತೆಪಟ್ಟಿಯೇ ಮುಗಿದಿದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಥರದ ಸ್ಕ್ಯಾನರ್ ಬೇಕು. ಅದರಲ್ಲಿ ಇಸಿಯು ಕೇಳಿದ ಬೂಸ್ಟ್, ನಿಜವಾಗಿ ಬಂದ ಬೂಸ್ಟ್ ಎರಡೂ ಪಕ್ಕಪಕ್ಕ ಕಾಣುತ್ತವೆ.

"ಓವರ್‌ಟೇಕ್ ಮಾಡುವಾಗ ಪವರ್ ಸತ್ತುಹೋಗುತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ"

ಓವರ್‌ಬೂಸ್ಟಿನ ಅಚ್ಚುಕಟ್ಟಾದ ಲಕ್ಷಣ ಇದು. ಶಿರಾಡಿ ಘಾಟಿ ಹತ್ತುವಾಗ ಲಾರಿ ದಾಟಲು ಆಕ್ಸಿಲರೇಟರ್ ಪೂರ್ತಿ ಒತ್ತುತ್ತೀರಿ. ಕಾರು ಜೋರಾಗಿ ಎಳೆಯುತ್ತದೆ. ಮೂರೋ ನಾಲ್ಕೋ ಸೆಕೆಂಡಿಗೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಸತ್ತ್ವವೇ ಇಲ್ಲ. ಇಸಿಯು ಎಂಜಿನ್ ಉಳಿಸಲು ಲಿಂಪ್ ಮೋಡಿಗೆ ಹೋಗಿದೆ. ಬೂಸ್ಟ್ ಕಡಿಮೆ ಮಾಡಿದೆ, ಡೀಸೆಲ್ ಕಡಿಮೆ ಮಾಡಿದೆ. ಎಷ್ಟೋ ಕಾರುಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನ ಹಾಗೇ. ಹಾಗಂತ ಓಡುತ್ತಿರುವ ಗಾಡಿಯಲ್ಲಿ ಆ ಕೆಲಸ ಮಾಡಬೇಡಿ. ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡರ ಸಹಾಯವೂ ಹೋಗುತ್ತದೆ.

ಮೊದಲು ಖರ್ಚೇ ಇಲ್ಲದ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಮ್ಯಾನಿಫೋಲ್ಡ್ ಪ್ರೆಶರ್ ಓದಿ. ಎಂಜಿನ್ ತಿರುಗುತ್ತಿಲ್ಲ, ಆದ್ದರಿಂದ ಅದು ಊರಿನ ಗಾಳಿಯ ಒತ್ತಡದಷ್ಟೇ ಇರಬೇಕು. ಮಂಗಳೂರಿನಲ್ಲಿ ಸುಮಾರು 1010 ಮಿಲಿಬಾರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ 910ರ ಆಸುಪಾಸು. ಬೆಂಗಳೂರಲ್ಲಿ ನಿಂತ ಕಾರು 1100 ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಆಗ ಓವರ್‌ಬೂಸ್ಟ್ ಆಗಿಯೇ ಇಲ್ಲ, ಆದ ಹಾಗೆ ಕಂಡಿದೆ. ಸೆನ್ಸರ್ ಬಿಚ್ಚಿ ನೋಡಿ. ಡೀಸೆಲ್ ಕಾರಾದರೆ ಅದರ ಮೂತಿಗೆ ಎಣ್ಣೆ ಸೇರಿದ ಮಸಿ ಮೆತ್ತಿಕೊಂಡಿರುತ್ತದೆ. ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ ಹಾಕಿ. ಕಡ್ಡಿ ಹಾಕಿ ಕೆರೆಯಬೇಡಿ. ಇದರ ಜೊತೆಗೆ ಪಿ0236, ಪಿ0237, ಪಿ0238 ಇದ್ದರೆ ಅವೂ ಸೆನ್ಸರ್ ಕಡೆಗೇ ಕೈ ತೋರಿಸುತ್ತವೆ. ವೈರ್, ಕನೆಕ್ಟರ್ ನೋಡದೆ ಹೊಸ ಸೆನ್ಸರ್ ತರಬೇಡಿ.

ಎರಡನೆಯದು ಟ್ಯೂನಿಂಗ್ ಬಾಕ್ಸ್. ಇಸಿಯು ಫ್ಲ್ಯಾಶ್ ಮಾಡಿಸದೆ (ಒಳಗಿನ ಮ್ಯಾಪ್ ಬದಲಿಸದೆ), ಮಧ್ಯೆ ಒಂದು ಡಬ್ಬಿ ಸಿಕ್ಕಿಸಿಕೊಂಡವರು ಅದನ್ನು ಮೊದಲು ಕಳಚಿ, ಮೂಲ ವೈರ್ ಜೋಡಿಸಿ ಓಡಿಸಿ ನೋಡಿ. ಇಂಥ ಎಷ್ಟೋ ಡಬ್ಬಿಗಳು ಕೆಲಸ ಮಾಡುವುದೇ ಸುಳ್ಳು ಹೇಳಿ. 1.3 ಬಾರ್ ಬೂಸ್ಟ್ ಇದ್ದರೆ 1.1 ಇದೆ ಅಂತ ಇಸಿಯುಗೆ ತಿಳಿಸುತ್ತವೆ, ಇಸಿಯು ಇನ್ನಷ್ಟು ಕೊಡುತ್ತದೆ. ನಿಮ್ಮ ಸ್ಕ್ಯಾನರ್ ಓದುವುದೂ ಅದೇ ಸುಳ್ಳನ್ನು. ಡಬ್ಬಿ ಇರುವಷ್ಟು ಹೊತ್ತು ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಬೇಕೇ ಬೇಕು ಅಂದರೆ ಪೈಪಿಗೆ ನೇರವಾಗಿ ಜೋಡಿಸುವ ಮೆಕ್ಯಾನಿಕಲ್ ಗೇಜ್ ಇಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ ಆ ಡಬ್ಬಿಯನ್ನು ಮತ್ತೆ ಹಾಕಬೇಡಿ.

ಮೂರನೆಯದು ಹೋಸ್‌ಗಳು. ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಇಲ್ಲೇ. ಟರ್ಬೊ ಯಾವ ಜಾತಿಯದು ಅನ್ನುವುದರ ಮೇಲೆ ಅದೇ ಸೀಳಿದ ಹೋಸ್ ಎರಡು ವಿರುದ್ಧ ಫಲ ಕೊಡುತ್ತದೆ.

ಫಿಯಟ್ ಲಿನಿಯಾ ಟಿ-ಜೆಟ್ ಥರದ ಪೆಟ್ರೋಲ್, 75 ಪಿಎಸ್‌ನ (ಅಶ್ವಶಕ್ತಿಯ) ಸ್ವಿಫ್ಟ್ ಡೀಸೆಲ್, ಇವುಗಳಲ್ಲಿ ವೇಸ್ಟ್‌ಗೇಟ್ ಇದೆ. ಹೆಚ್ಚಾದ ಹೊಗೆಯನ್ನು ಟರ್ಬೊ ತಿರುಗಿಸದೆ ಪಕ್ಕಕ್ಕೆ ಬಿಡುವ ಬಾಗಿಲು ಅದು. ಬೂಸ್ಟಿನ ಒತ್ತಡವೇ ಸಣ್ಣ ಹೋಸ್ ಮೂಲಕ ಆಕ್ಚುವೇಟರ್ (ಗೇಟಿನ ರಾಡ್ ಆಡಿಸುವ ಡಬ್ಬಿ) ತಳ್ಳಿ ಗೇಟ್ ತೆರೆಸುತ್ತದೆ. ಆ ಹೋಸ್ ಸೀಳಿದರೆ ಅಥವಾ ಕಳಚಿದರೆ ಗೇಟ್ ತೆರೆಯುವುದಿಲ್ಲ. ಬೂಸ್ಟ್ ಏರುತ್ತಲೇ ಹೋಗುತ್ತದೆ. ಅಂದರೆ ಇಲ್ಲಿ ಹೋಸ್ ಹೋದರೆ ಓವರ್‌ಬೂಸ್ಟ್.

ಟಿಡಿಐಗಳಲ್ಲಿ, 90 ಪಿಎಸ್‌ನ ಮಲ್ಟಿಜೆಟ್‌ನಲ್ಲಿ ಇರುವುದು ವಿಜಿಟಿ. ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ಚಕ್ರದ ಸುತ್ತ, ಓರೆ ಬದಲಿಸುವ ವೇನ್‌ಗಳಿವೆ (ಸಣ್ಣ ರೆಕ್ಕೆಗಳು). ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುತ್ತದಲ್ಲ, ವೇನ್ ಮುಚ್ಚಿದಾಗ ಹೊಗೆ ಅದೇ ರೀತಿ ವೇಗವಾಗಿ ನುಗ್ಗಿ ಟರ್ಬೈನ್ ತಿರುಗಿಸುತ್ತದೆ. ವ್ಯಾಕ್ಯೂಮ್‌ನಿಂದ (ಪಂಪ್ ಗಾಳಿ ಹೀರಿದಾಗ ಆಗುವ ಸೆಳೆತದಿಂದ) ನಡೆಯುವ ಮಾದರಿಗಳಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಇದ್ದರೆ ವೇನ್ ಮುಚ್ಚುತ್ತದೆ, ಹೋದರೆ ತೆರೆಯುತ್ತದೆ. ಹೋಸ್ ಸೀಳಿದರೆ ಬೂಸ್ಟ್ ಕಡಿಮೆ. ಇಂಥ ಕಾರಿಗೆ ಓವರ್‌ಬೂಸ್ಟ್ ಬಂದಿದೆ ಅಂದ ಕೂಡಲೇ ವ್ಯಾಕ್ಯೂಮ್ ಲೀಕ್ ಹುಡುಕುತ್ತಾ ಕೂತರೆ ದಿನ ಹಾಳು. ಇಲ್ಲಿ ಹುಡುಕಬೇಕಾದದ್ದು ವ್ಯಾಕ್ಯೂಮ್ ಯಾಕೆ ಬಿಟ್ಟುಹೋಗುತ್ತಿಲ್ಲ ಅಂತ.

ಅದಕ್ಕೆ ಎನ್75 ವಾಲ್ವ್ ನೋಡಿ, ಇಸಿಯು ಹೇಳಿದಂತೆ ಬೂಸ್ಟ್ ನಿಯಂತ್ರಿಸುವ ವಾಲ್ವ್ ಅದು. ಮೂರು ಬಾಯಿ ಇರುತ್ತವೆ. ಒಂದು ವ್ಯಾಕ್ಯೂಮ್ ಪಂಪ್ ಕಡೆಗೆ, ಒಂದು ಆಕ್ಚುವೇಟರ್ ಕಡೆಗೆ, ಇನ್ನೊಂದು ಹೊರಗಿನ ಗಾಳಿಗೆ. ಆ ಮೂರನೆಯದರ ಫಿಲ್ಟರ್‌ನಲ್ಲಿ ಧೂಳು, ಎಣ್ಣೆ ತುಂಬಿದರೆ ಆಕ್ಚುವೇಟರ್‌ನಲ್ಲಿ ಸಿಕ್ಕಿದ ವ್ಯಾಕ್ಯೂಮ್ ಬೇಗ ಬಿಡುವುದಿಲ್ಲ. ವೇನ್ ಮುಚ್ಚಿಕೊಂಡೇ ಇರುತ್ತದೆ. ಸರ್ವಿಸ್ ಆದ ಮರುದಿನವೇ ಕೋಡ್ ಬಂದಿದ್ದರೆ ಹೋಸ್‌ಗಳು ಅದಲುಬದಲಾಗಿವೆಯಾ ಅಂತಲೂ ನೋಡಿ. ಸಣ್ಣ ಕೆಲಸ, ಆದರೆ ಸುಮ್ನೆ ಟರ್ಬೊ ಬದಲಿಸುವ ಖರ್ಚು ಉಳಿಯುತ್ತದೆ.

ಈಗಿನ ಹಲವು ಕಾರುಗಳಲ್ಲಿ ಹೋಸೇ ಇಲ್ಲ, ಎಲೆಕ್ಟ್ರಿಕ್ ಮೋಟರ್ ಇದೆ. 1.2 ಟಿಎಸ್ಐ ಪೋಲೊ ಅಂಥದ್ದು. ಅದರಲ್ಲಿ ರಾಡಿನ ಕೀಲು ಬಿಗಿಯಾಗಿದೆಯಾ, ಸಡಿಲವಾಗಿ ಗಡಗಡ ಅನ್ನುತ್ತಿದೆಯಾ ನೋಡುವುದಷ್ಟೇ ಮನೆಯಲ್ಲಿ ಆಗುವ ಕೆಲಸ. ಮುಂದಿನದ್ದಕ್ಕೆ ಸ್ಕ್ಯಾನರ್‌ನಿಂದ ಬೇಸಿಕ್ ಸೆಟ್ಟಿಂಗ್ (ಮೋಟರಿನ ಪರೀಕ್ಷೆ, ಹೊಂದಾಣಿಕೆ) ಬೇಕು.

ರಾಡ್ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು ಗಂಟೆ ಬಿಟ್ಟರೂ ಕೈ ಸುಡುತ್ತವೆ. ಸಡಿಲ ಬಟ್ಟೆ, ದುಪಟ್ಟಾ ಬೆಲ್ಟಿನ ಹತ್ತಿರ ಬೇಡ.

ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಆಕ್ಚುವೇಟರ್ ರಾಡ್ ನೋಡಲಿ. ವ್ಯಾಕ್ಯೂಮ್ ಟಿಡಿಐನಲ್ಲಿ ಸ್ಟಾರ್ಟ್ ಆದ ಕೂಡಲೇ ರಾಡ್ ಸುಮಾರು ಒಂದು ಸೆಂಟಿಮೀಟರ್ ಒಳಕ್ಕೆ ಎಳೆದುಕೊಳ್ಳಬೇಕು. ಆಫ್ ಮಾಡಿದಾಗ ನಿಧಾನಕ್ಕೆ ವಾಪಸ್ ಬರಬೇಕು. ಕೈ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಇನ್ನೂ ಸ್ಪಷ್ಟ. ಆಕ್ಚುವೇಟರ್‌ಗೆ ನೇರ ಜೋಡಿಸಿ ನಿಧಾನಕ್ಕೆ ಎಳೆಯಿರಿ. ರಾಡ್ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಸರಿಯಬೇಕು. ಅರ್ಧ ದಾರಿಯಲ್ಲಿ ನಿಂತು, ಆಮೇಲೆ ಟಕ್ ಅಂತ ಹಾರಿದರೆ ಒಳಗೆ ವೇನ್‌ಗಳು ಮಸಿಯಲ್ಲಿ ಕಚ್ಚಿಕೊಂಡಿವೆ. ವ್ಯಾಕ್ಯೂಮ್ ಬಿಟ್ಟಾಗ ವಾಪಸ್ ಬರುವ ದಾರಿಯನ್ನು ಇನ್ನೂ ಗಮನವಿಟ್ಟು ನೋಡಿ. ಓವರ್‌ಬೂಸ್ಟ್ ಆಗುವುದು ಆ ದಾರಿಯಲ್ಲೇ. ಪಂಪಿನ ಮುಳ್ಳು ತಾನಾಗಿ ಇಳಿದರೆ ಡಯಾಫ್ರಮ್ ತೂತಾಗಿದೆ.

ವೇನ್ ಕಚ್ಚಿಕೊಳ್ಳುವುದು ಟ್ರಾಫಿಕ್‌ನಲ್ಲೇ ಬದುಕುವ ಡೀಸೆಲ್ ಕಾರುಗಳಲ್ಲಿ ಜಾಸ್ತಿ. ಸದಾ 1500 ಆರ್‌ಪಿಎಂ ಒಳಗೇ ಓಡಿಸಿದರೆ ವೇನ್ ಒಂದೇ ಜಾಗದಲ್ಲಿ ಕೂತಿರುತ್ತದೆ, ಸುತ್ತ ಮಸಿ ಕಟ್ಟುತ್ತದೆ. ಅದರ ಮೇಲೆ ಹೊಗೆ ಜಾಸ್ತಿ ಬಿಡುವ ಮ್ಯಾಪ್ ಬೇರೆ ಇದ್ದರೆ ಕೇಳಲೇ ಬೇಡಿ. ಸ್ವಲ್ಪ ಹಿಡಿತ ಇದ್ದರೆ ರಾಡನ್ನು ಕೈಯಾರೆ ಹತ್ತಾರು ಸಲ ಆಡಿಸಿದರೆ, ಆಮೇಲೆ ಹೆದ್ದಾರಿಯಲ್ಲಿ ಒಂದು ಒಳ್ಳೆಯ ಓಟ ಕೊಟ್ಟರೆ ಬಿಡುವುದುಂಟು. ಗಟ್ಟಿಯಾಗಿ ಕಚ್ಚಿದ್ದರೆ ಟರ್ಬೊ ಇಳಿಸಿ ಕ್ಲೀನ್ ಮಾಡಬೇಕು. ರಾಡಿನ ನಟ್ಟು, ಸ್ಟಾಪ್ ಸ್ಕ್ರೂ ತಿರುಗಿಸಿ ಅಡ್ಜಸ್ಟ್ ಮಾಡುವ ಆಸೆಗೆ ಹೋಗಬೇಡಿ. ಅದನ್ನು ಫ್ಲೋ ಬೆಂಚ್ (ಗಾಳಿಯ ಹರಿವು ಅಳೆಯುವ ಯಂತ್ರ) ಮೇಲೆ ಸೆಟ್ ಮಾಡಿರುತ್ತಾರೆ, ಕಣ್ಣಂದಾಜಿಗೆ ಸಿಗುವುದಲ್ಲ.

ರಾಡ್, ಹೋಸ್, ಸೆನ್ಸರ್ ಎಲ್ಲ ಸರಿ, ಆದರೂ ಪಿ0234

ಇನ್ನು ಲಾಗ್, ಅಂದರೆ ಓಡುವಾಗ ಸ್ಕ್ಯಾನರ್ ಓದಿದ ಅಂಕಿಗಳ ದಾಖಲೆ, ತೆಗೆಯಬೇಕು. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಸಿಕ್ಕರೆ ಅದೇ ಒಳ್ಳೆಯದು. ರಸ್ತೆಯಲ್ಲಿ ಮಾಡುವುದಾದರೆ ಖಾಲಿ ರಸ್ತೆ, ವೇಗಮಿತಿಯೊಳಗೆ, ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು. ಮೂರನೇ ಗೇರಿನಲ್ಲಿ 1500ರಿಂದ ಪೂರ್ತಿ ಒತ್ತಿ. ನಾಲ್ಕು ಕಾಲಂ ಸಾಕು: ಆರ್‌ಪಿಎಂ, ಕೇಳಿದ ಬೂಸ್ಟ್, ಬಂದ ಬೂಸ್ಟ್, ಎನ್75ರ ಡ್ಯೂಟಿ ಶೇಕಡಾ (ಬೂಸ್ಟ್ ಏರಿಸು ಅಂತ ಇಸಿಯು ಆ ವಾಲ್ವ್‌ಗೆ ಎಷ್ಟು ಜೋರಾಗಿ ಹೇಳುತ್ತಿದೆ ಅನ್ನುವ ಅಂಕಿ).

ಬೂಸ್ಟ್ ಏರುವ ಹೊತ್ತಿಗೆ ಬಂದದ್ದು ಕೇಳಿದ್ದನ್ನು ಒಂದು ಕ್ಷಣ ಚೂರು ದಾಟುವುದು ಮಾಮೂಲು. ದಾಟಿ ಅಲ್ಲೇ ಉಳಿದರೆ ತೊಂದರೆ. ಆ ಜಾಗದಲ್ಲಿ ಡ್ಯೂಟಿ ಕಾಲಂ ನೋಡಿ. ಉತ್ತರ ಅಲ್ಲಿದೆ.

ಬೂಸ್ಟ್ ಜಾಸ್ತಿ ಆದ ಕೂಡಲೇ ಇಸಿಯು ಡ್ಯೂಟಿಯನ್ನು ತಳಕ್ಕೆ ಇಳಿಸಿದೆ, ಆದರೂ ಬೂಸ್ಟ್ ಇಳಿಯುತ್ತಿಲ್ಲ ಅಂದರೆ ತಪ್ಪು ಕಬ್ಬಿಣದ್ದು. ಇಸಿಯು ಬಿಡು ಅನ್ನುತ್ತಿದೆ, ವೇನ್ ಅಥವಾ ವಾಲ್ವ್ ಕೇಳುತ್ತಿಲ್ಲ. ರಾಡ್ ಪರೀಕ್ಷೆಗೆ ವಾಪಸ್ ಹೋಗಿ. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದಾಗ ಕಚ್ಚುವ ವೇನ್‌ಗಳೂ ಇವೆ.

ಬೂಸ್ಟ್ ಮಿತಿ ದಾಟಿದರೂ ಡ್ಯೂಟಿ ಇನ್ನೂ ಮೇಲೇ ಇದೆ, ಇಳಿಯಲು ತಡ ಮಾಡುತ್ತಿದೆ ಅಂದರೆ ಮ್ಯಾಪಿನದ್ದು. ಟ್ಯೂನರ್ ಬೂಸ್ಟ್ ಏರಿಸಿದ್ದಾರೆ, ವೇನ್ ನಿಯಂತ್ರಿಸುವ ಕೋಷ್ಟಕವನ್ನು ಅದಕ್ಕೆ ಹೊಂದಿಸಿಲ್ಲ. ಗ್ರಾಫ್ ಹಾವಿನ ಹಾಗೆ ಮೇಲೆ ಕೆಳಗೆ ಅಲೆಯುತ್ತಿದ್ದರೂ ಮೊದಲ ಅನುಮಾನ ಇದೇ.

ಪೆಟ್ರೋಲ್ ಕಾರಿಗೆ ದೊಡ್ಡ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್) ಹಾಕಿಸಿದವರಿಗೆ ಮೂರನೆಯದೊಂದಿದೆ. ಡ್ಯೂಟಿ ತಳದಲ್ಲಿದೆ, ವೇಸ್ಟ್‌ಗೇಟ್ ಪೂರ್ತಿ ತೆರೆದಿದೆ, ಆದರೂ ಆರ್‌ಪಿಎಂ ಏರಿದಂತೆಲ್ಲ ಬೂಸ್ಟ್ ತೆವಳಿಕೊಂಡು ಏರುತ್ತದೆ. ಹೊಗೆ ಸಲೀಸಾಗಿ ಹರಿಯುತ್ತಿದೆ, ಅಷ್ಟನ್ನು ಪಕ್ಕಕ್ಕೆ ಬಿಡುವಷ್ಟು ಗೇಟ್ ದೊಡ್ಡದಿಲ್ಲ. ಸಾಫ್ಟ್‌ವೇರ್‌ನಿಂದ ಇದು ಸರಿಯಾಗುವುದಿಲ್ಲ.

"ಊರಲ್ಲಿ ಸರಿ ಇರುತ್ತೆ, ಘಾಟಿ ಹತ್ತಿದ್ರೆ ಲೈಟ್ ಬರುತ್ತೆ"

ಎತ್ತರಕ್ಕೆ ಹೋದಂತೆ ಗಾಳಿ ತೆಳು. ಮ್ಯಾಪ್ ಒಟ್ಟು 2400 ಮಿಲಿಬಾರ್ ಕೇಳುತ್ತದೆ ಅಂದುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಸೇರಿಸಬೇಕಾದದ್ದು 1.4 ಬಾರ್. ಬೆಂಗಳೂರಿನಲ್ಲಿ 1.5. ಊಟಿ 2200 ಮೀಟರ್ ದಾಟಿದೆ, ಅಲ್ಲಿ 1.6ಕ್ಕೂ ಮೇಲೆ. ಅಷ್ಟೇ ಒತ್ತಡಕ್ಕೆ ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ಕಂಪನಿ ಮ್ಯಾಪ್ ಎತ್ತರ ನೋಡಿ ತಾನೇ ಬೇಡಿಕೆ ತಗ್ಗಿಸುತ್ತದೆ. ಅವಸರದಲ್ಲಿ ಮಾಡಿದ ಟ್ಯೂನ್‌ಗಳಲ್ಲಿ ಈ ತಿದ್ದುಪಡಿಯನ್ನು ಚಪ್ಪಟೆ ಮಾಡಿಬಿಟ್ಟಿರುತ್ತಾರೆ. ಟ್ಯೂನರ್‌ಗೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

"ಎಳೆಯೋದೇ ಇಲ್ಲ, ಶಿಳ್ಳೆ ಸದ್ದು, ಕಪ್ಪು ಹೊಗೆ"

ಇದು ಓವರ್‌ಬೂಸ್ಟಿನ ತದ್ವಿರುದ್ಧ, ಪಿ0299. ಟರ್ಬೊ ಒತ್ತಿದ ಗಾಳಿ ಎಂಜಿನ್ ಮುಟ್ಟುವ ಮೊದಲೇ ಸೋರುತ್ತಿದೆ. ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಪೈಪಿನ ಕ್ಲಾಂಪ್‌ಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಜಾಯಿಂಟ್‌ನಲ್ಲಿ ತಾಜಾ ಎಣ್ಣೆ ಚಿಮ್ಮಿದ ಗುರುತು ಇದ್ದರೆ ಅಲ್ಲೇ ಲೀಕ್. ಪೈಪಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇರುವುದು ಮಾತ್ರ ಸಹಜ, ಗಾಬರಿ ಬೇಡ. ಕಂಪ್ರೆಸರ್ ಹಚ್ಚಿ ಲೀಕ್ ಟೆಸ್ಟ್ ಮಾಡುವುದಾದರೆ ರೆಗ್ಯುಲೇಟರ್ ಕಡ್ಡಾಯ. 1 ಬಾರ್ ಸಾಕು, ಮುಖ ದೂರ ಇಡಿ, ಕಳಚಿದ ಹೋಸ್ ಜೋರಾಗಿ ಬಡಿಯುತ್ತದೆ.

ಪವರ್ ಕಟ್ ಆಗಿ ಪಿ0087 ಬಂದರೆ ಟರ್ಬೊ ಬಿಡಿ, ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ ಇಂಧನ ಒತ್ತಡ ಸಾಲುತ್ತಿಲ್ಲ. ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ. ಕಾಮನ್ ರೈಲ್ ಪೈಪ್ ಸಡಿಲಿಸುವುದು, ಲೀಕ್ ಇದೆಯಾ ಅಂತ ಬೆರಳಿಟ್ಟು ನೋಡುವುದು ಎಂದೂ ಬೇಡ. ಸಾವಿರ ಬಾರ್ ಮೀರಿದ ಒತ್ತಡ ಅದು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ.

ಆರ್‌ಪಿಎಂ ಏರುತ್ತೆ, ವೇಗ ಏರಲ್ಲ, ಕೋಡೂ ಇಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಫೋಕ್ಸ್‌ವ್ಯಾಗನ್ ವೆಂಟೊ 1.5 ಟಿಡಿಐ ಜೊತೆ ಬರುತ್ತಿದ್ದ 7 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ತಡೆಯುವ ಟಾರ್ಕ್ ಮಿತಿ 250 ನ್ಯೂಟನ್ ಮೀಟರ್. ಆ ಎಂಜಿನ್ ಕಂಪನಿಯಿಂದಲೇ 250 ಕೊಡುತ್ತದೆ. ಟ್ಯೂನ್ ಮಾಡಿಸಿದರೆ ಉಳಿದದ್ದೇನು, ನೀವೇ ಲೆಕ್ಕ ಹಾಕಿ.

ಲೈಟ್ ಮಿನುಗುತ್ತಿದೆ, ಕಾರು ಕುಲುಕುತ್ತಿದೆ

ಸುಮ್ಮನೆ ಉರಿಯುವ ಲೈಟ್ ಬೇರೆ, ಮಿನುಗುವ ಲೈಟ್ ಬೇರೆ. ಪೆಟ್ರೋಲ್ ಕಾರಿನಲ್ಲಿ ಮಿನುಗುವುದು ಅಂದರೆ ಮಿಸ್‌ಫೈರ್. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಆಕ್ಸಿಲರೇಟರ್ ಬಿಡಿ, ಪಕ್ಕಕ್ಕೆ ನಿಲ್ಲಿಸಿ. ಒಣ ಹುಲ್ಲಿನ ಮೇಲೆ ಮಾತ್ರ ಬೇಡ.

ಕೋಡ್ ಪಿ0302 ಅಂದರೆ ಎರಡನೇ ಸಿಲಿಂಡರ್. ಅದರ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್ ನೋಡಿ. ಬೂಸ್ಟ್ ಏರಿಸಿದಾಗ ದೊಡ್ಡ ಗ್ಯಾಪಿನ ಪ್ಲಗ್‌ನಲ್ಲಿ ಕಿಡಿ ಆರಿಹೋಗುತ್ತದೆ, ಅದಕ್ಕೇ ಟ್ಯೂನ್ ಆದ ಕಾರಿಗೆ ಗ್ಯಾಪ್ ಕಿರಿದು ಮಾಡುವುದು. ಎಷ್ಟು ಅಂತ ಟ್ಯೂನರ್ ಹೇಳಬೇಕು. ಇನ್ನು ಪೆಟ್ರೋಲ್. ಮ್ಯಾಪ್ 97 ಆಕ್ಟೇನ್‌ಗೆ ಬರೆದಿದ್ದು ನೀವು 91 ತುಂಬಿಸುತ್ತಿದ್ದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಪೆಟ್ರೋಲ್ ಕ್ರಮ ತಪ್ಪಿ ತಾನಾಗಿ ಸಿಡಿಯುತ್ತದೆ. ಲೋಡ್‌ನಲ್ಲಿ ಡಬ್ಬದೊಳಗೆ ಕಲ್ಲು ಕುಲುಕಿದಂಥ ಸದ್ದು ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಪಿಸ್ಟನ್ ಮುರಿಯಲು ಹೆಚ್ಚು ಹೊತ್ತು ಬೇಡ.

ಕೋಡೇ ಇಲ್ಲ, ಆದರೂ ಏನೋ ಸರಿ ಇಲ್ಲ

ಕೆಲವರು ಮ್ಯಾಪ್ ಬರೆಯುವಾಗ ತಲೆನೋವು ಬೇಡ ಅಂತ ಪಿ0234 ಕೋಡನ್ನೇ ಆಫ್ ಮಾಡಿ ಕೊಡುತ್ತಾರೆ. ಮಿತಿ ಮೀರಿದರೂ ಲೈಟ್ ಬರುವುದಿಲ್ಲ, ಲಿಂಪ್ ಮೋಡೂ ಇಲ್ಲ. ಆ ಕಾರಿನ ಟರ್ಬೊಗೆ ಕಾವಲೇ ಇಲ್ಲ. ಪತ್ತೆ ಹಚ್ಚಲು ಲಾಗ್ ಒಂದೇ ದಾರಿ. ಸಿಕ್ಕಿಬಿದ್ದರೆ ಕಂಪನಿ ಮ್ಯಾಪ್ ವಾಪಸ್ ಹಾಕಿಸಿ, ಆಮೇಲೆ ಮುಂದಿನ ಮಾತು.

ಇಲ್ಲಿ ನಿಲ್ಲಿಸಿ, ಟೋಯಿಂಗ್ ಕರೆಸಿ

ಕೆಂಪು ಆಯಿಲ್ ಲೈಟ್ ಬಂದರೆ. ಟರ್ಬೊದಿಂದ ಸೈರನ್ ಥರ ಸದ್ದು ಅಥವಾ ಲೋಹ ಉಜ್ಜುವ ಸದ್ದು ಬಂದರೆ. ಸೈಲೆನ್ಸರ್‌ನಿಂದ ದಟ್ಟ ನೀಲಿ ಹೊಗೆ ಬಂದು ಎಂಜಿನ್ ಆಯಿಲ್ ಬೇಗ ಇಳಿಯುತ್ತಿದ್ದರೆ.

ಈ ಕೊನೆಯದು ಡೀಸೆಲ್ ಕಾರಿನಲ್ಲಿ ನಿಜಕ್ಕೂ ಅಪಾಯ. ಟರ್ಬೊದ ಸೀಲ್ ಹೋಗಿ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗಿದರೆ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮ್ಯಾನುವಲ್ ಕಾರಾದರೆ ಗಾಡಿ ನಿಲ್ಲಿಸಿ, ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಒಮ್ಮೆಲೇ ಬಿಡಿ. ಆಟೊಮ್ಯಾಟಿಕ್ ಆದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಎತ್ತಿ ಕೈಯಿಂದ ಗಾಳಿ ಪೈಪ್ ಮುಚ್ಚುವ ಸಾಹಸ ಬೇಡ.

ಗ್ಯಾರೇಜಿಗೆ ಹೋಗುವಾಗ

ಫ್ರೀಝ್ ಫ್ರೇಮಿನ ಸ್ಕ್ರೀನ್‌ಶಾಟ್, ಲಾಗ್ ಫೈಲ್, ಏನೇನು ಮಾಡಿಸಿದ್ದೀರಿ ಅನ್ನುವ ಪಟ್ಟಿ ಒಯ್ಯಿರಿ. ಟ್ಯೂನ್ ಮುಚ್ಚಿಡಬೇಡಿ. ಗೊತ್ತಿಲ್ಲದ ಮೆಕ್ಯಾನಿಕ್ ಕಂಪನಿ ಅಂಕಿಗಳ ಜೊತೆ ಹೋಲಿಸಿ ಚೆನ್ನಾಗಿರುವ ಭಾಗವನ್ನೇ ಬದಲಿಸುತ್ತಾನೆ. ಅಧಿಕೃತ ಸರ್ವಿಸ್ ಸೆಂಟರ್ ಆದರೆ ಫ್ಲ್ಯಾಶ್ ಆದದ್ದು ಹೇಗೂ ಗೊತ್ತಾಗಬಹುದು, ವಾರಂಟಿ ಹೋಗಬಹುದು. ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ಹೊತ್ತಿಗೆ ಎದುರು ಬರಬಹುದು.

ಟ್ಯೂನರ್ ಹತ್ತಿರ ನಿಮ್ಮ ಕಾರಿನ ಮೂಲ ಫೈಲ್ ಕೇಳಿ ಪಡೆದು ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಮ್ಯಾಪ್ ತಿದ್ದಿಸಿದ ಮೇಲೆ ಅದೇ ಗೇರಿನಲ್ಲಿ, ಅದೇ ಆರ್‌ಪಿಎಂನಿಂದ ಇನ್ನೊಂದು ಲಾಗ್ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿದ ಮೇಲೆ ದುಡ್ಡು ಕೊಡಿ.